ನಾಂಗರ ಎತ್ತಿದ ದಿನ

ಹೊಟ್ಟಿಪಾಡಿಗಂತ ಊರು ಬಿಟ್ಟು ಹೊಂಟವನ ಬೆನ್ನ ಹಿಂದ ಪಜೀತಿನೂ ಗಂಟುಕಟ್ಟಿಕೊಂಡು ಬರತೈತಿ. ನಾ ಡಫಳಾಪುರದಾವ, ತಾಡಪತ್ರಿ ಹೊಲಿಯಾವ. ಲಾರಿಗಿ, ಟ್ರ್ಯಾಕ್ಟರಿಗಿ ಹೊಲಕೊಂಡು ಸುಮ್ಮನಿದ್ದೆ. ಹೋದ ವರ್ಷ ರತ್ನಾಗಿರಿ ಕಡೆಯ ಶೇಠ ಒಬ್ಬ ತನ್ನ ಹಾಯಿದೋಣಿಯ ಹಾಯಿ ಹರದಾವ ಅಂತ ಕರಸಿದ. ಈ ಮಾತು ಹೇಳಿದ್ರ ಮಂದಿ ನಗತಾರ. ನಗಲಿ ಬಿಡ್ರಿ.

೧. ಕಡೀ ಹೊಲಿಗಿ

ಕೆಲಸ ಹಿಡದ ಮೂರನೇ ದಿನ ಮಧ್ಯಾಹ್ನ ದಂಡಿ ಹತ್ರ ನಿಂತ ದೋಣಿಯ ಒಳಗ ಕುಂತು ಹೊಲಿಯಾಕತ್ತಿದ್ದೆ. ತಂಗಿ ಫೋನ್ ಮಾಡಿದ್ಲು.

"ಅಣ್ಣಾ, ಡಾಕ್ಟರ್ ಅವ್ವನ್ನ ಮನಿಗಿ ಒಯ್ರಿ ಅಂದಾರ. ಕಣ್ಣ ತೆರದಾಗೊಮ್ಮಿ ನಿನ್ನ ಕೇಳತಾಳ. ಲಗೂನ ಬಾ."

"ಒಂದ್ ಹೊಲಿಗಿ ಉಳದೈತಿ, ಸಂಜಿ ಬಸ್ಸಿಗಿ ಹತ್ತತೀನಿ" ಅಂದೆ.

ಅಷ್ಟರಾಗ ದೋಣಿ ನಡಸೂ ತಾಂಡೇಲ ಮ್ಯಾಲಿಂದ ಮರಾಠ್ಯಾಗ ಒದರಿದ: "ನಾಂಗರ ಉಚಲಾ!"

ಉಚಲಾ ಅಂದ್ರ ಎತ್ತರಿ; ನಾಂಗರ ಅಂದ್ರ ನಮ್ಮ ಕಡೆಯ ಮರಾಠ್ಯಾಗ ನೇಗಿಲ. ನೇಗಿಲ ಎತ್ತಿದ್ರಂದ್ರ ಎತ್ತು ಬಿಚ್ಚಿದ್ರು, ದಿನದ ಕೆಲಸ ಮುಗೀತು. ಇವರೂ ಕೆಲಸ ಬಿಡೂದಕ್ಕ ಹಿಂಗ ಅಂತಾರ, ದೋಣಿ ಇವತ್ತ ಎಲ್ಲೂ ಹೋಗಂಗಿಲ್ಲ ಅನಕೊಂಡು ನಿಶ್ಚಿಂತಿಯಿಂದ ಹೊಲಿಗಿ ಮುಗಿಸಿದೆ. ಮ್ಯಾಲ ಬಂದು ನೋಡತೀನಿ, ದಂಡೀನ ಇಲ್ಲ, ಸುತ್ತಲೂ ನೀರು!

೨. ನೀರಿನ ನೇಗಿಲ

ತಾಂಡೇಲ ಹಣಿ ಬಡಕೊಂಡ. "ನೀ ಇಳದಿ ಅನಕೊಂಡಿದ್ದೆ! ನಾಂಗರ ಎತ್ತರಿ ಅಂದದ್ದು ಕೇಳಲಿಲ್ಲೇನು?"

"ಕೇಳಿತ್ರಿ. ನೇಗಿಲ ಎಲ್ಲೈತಿ?"

ನೀರ ಸೋರೂ ಕಬ್ಬಣದ ಕೊಕ್ಕಿ ತೋರಿಸಿದ. "ಇದ ನಾಂಗರ. ನೀರಾಗ ಬಿಟ್ರ ದೋಣಿ ನಿಲ್ಲತೈತಿ, ಎತ್ತಿದ್ರ ಹೊಂಡತೈತಿ."

ಅವನ ಕಾಲಿಗಿ ಬಿದ್ದೆ. "ಅವ್ವ ಸಾಯಾಕತ್ತಾಳ್ರೀ, ತಿರಗಸ್ರಿ." ಪಾಪ, ಅವನೂ ಏನ್ ಮಾಡ್ಯಾನು. "ಭರತಿ ನೀರ ಇಳದೈತೋ, ಈಗ ತಿರಗಿ ದಂಡಿಗಿ ಹೋದ್ರ ದೋಣಿ ಕೆಸರಾಗ ಕುಂದರತೈತಿ. ನಾಳಿ ಸಂಜಿಗಿ ಗೋವಾದಾಗ ಇಳಿ."

ತಂಗಿಗಿ ಫೋನ್ ಹಚ್ಚಿದೆ. "ಸಮುದ್ರದಾಗ ಅದೀನಿ" ಅಂದೆ. "ಅವ್ವ ಹಿಂಗಿದ್ದಾಗ ಸಮುದ್ರ ನೋಡಾಕ ಹೋಗಿಯೇನೋ ಮೂಳಾ!" ಅಂದ್ಲು. ಅಷ್ಟಕ್ಕ ರೇಂಜ್ ಹೋತು.

೩. ಪಾವಣ್ಯಾರು

ದೋಣ್ಯಾಗ ಶೇಠನ ಮನಿಗಿ ಬಂದ ಪಾವಣ್ಯಾರಿದ್ರು, ಪುಣೆಯವರು; ಅವರನ್ನ ಗೋವಾಕ್ಕ ಮುಟ್ಟಸಾಕ ದೋಣಿ ಹೊಂಟಿತ್ತು. ನಾ ದೋಣಿ ಅಂಚು ಹಿಡಕೊಂಡು ಹೊಟ್ಟ್ಯಾಗಿಂದೆಲ್ಲಾ ಕಾರಾಕತ್ತಿದ್ದೆ. ನಮ್ಮ ಜತ್ತ ತಾಲೂಕಿನ್ಯಾಗ ನೀರು ಟ್ಯಾಂಕರಿನಾಗ ಬರತೈತಿ, ನೀರಿನ ಮ್ಯಾಲ ಕುಂತು ಹೋಗಿ ಯಾರಿಗಿ ರೂಢಿ?

ಅವರಾಗಿನ ಒಬ್ಬ ಹೆಣ್ಣಮಗಳು ಕನಿಕರದಿಂದ ಕೇಳಿದ್ಲು, "ಮೊದಲನೇ ಸರತಿ ಏನ್ರಿ?"

"ಕಡೀದೂ ಇದ ಐತ್ರಿ ಬಾಯಾರ" ಅಂದೆ.

೪. ಉಪ್ಪು

ಗೋವಾದಿಂದ ಬಸ್ ಬದಲಿಸಿ ಬದಲಿಸಿ ಮನಿ ಮುಟ್ಟೂದ್ರಾಗ ಫೋನ್ ಬಂದು ಮೂರನೇ ದಿನ. ಅಂಗಳ ತುಂಬ ಮಂದಿ. ನಮ್ಮಲ್ಲಿ ಸತ್ತವರನ್ನ ಹುಗಿಯೂ ಮುಂದ ಕುಣಿಗಿ ಉಪ್ಪು ಹಾಕತಾರ. ಕಾಕಾ ಬಾಗಲದಾಗ ನಿಂತು, ಉಪ್ಪಿನ ಚೀಲ ಎಷ್ಟು ತರಸೂನು ಅಂತ ದೊಡ್ಡ ದನಿಲೆ ಕೇಳಾಕತ್ತಿದ್ದ. ಅವ್ವ ಹೋದ್ಲು ಅನಕೊಂಡು ಒದರಿ ಅತ್ತೆ.

"ಇನ್ನೂ ಅದಾಳ" ಅಂದ್ಲು ತಂಗಿ. "ನಿನ್ನ ಸಲುವಾಗಿ ಜೀವ ಹಿಡದಾಳ. ನಡಿ."

ಅವ್ವ ಕಣ್ಣ ತೆರದ್ಲು. "ಎಲ್ಲಿ ಹೋಗಿದ್ಯೋ?"

ಅಳಕೋತ ಎಲ್ಲಾ ಹೇಳಿದೆ. ನೇಗಿಲ, ಕೊಕ್ಕಿ, ಸಮುದ್ರ. ಅವ್ವ ನನ್ನ ಮಾರಿ ನೋಡಿದ್ಲು. ಒಣಗಿದ ತುಟಿ ನಕ್ಕವು.

"ಸಮುದ್ರಕ್ಕ ಹೋಗಿ ಬರಿಗೈಲೆ ಬಂದ್ಯಾ? ಒಂದ್ ಚೀಲ ಉಪ್ಪಾದ್ರೂ ತಂದಿದ್ರ ನಿಮ್ಮ ಕಾಕಾನ ತ್ರಾಸ ತಪ್ಪತಿತ್ತಲ್ಲೋ."

ಅಳೂ ಮಂದಿ ಎಲ್ಲಾ ನಕ್ಕಬಿಟ್ರು. ಅವ್ವ ಹೊತ್ತ ಮುಳಗೂದ್ರಾಗ ಹೋದ್ಲು.

ಮರದಿನ ಕುಣಿಗಿ ಉಪ್ಪು ಸುರಿಯೂ ಮುಂದ ಅಳಕೋತ ಅಳಕೋತ ನನಗ ನಗಿ ಬಂತು. ಕಾಕಾ ಗಾಬರಿಯಾಗಿ, "ಏನಾತೋ ತಮ್ಮಾ?" ಅಂದ.

"ಏನಿಲ್ಲ ಕಾಕಾ. ಅಂಗಡಿ ಉಪ್ಪು ತಂದೀವಂತ ಅವ್ವ ಬೈತಾಳ."