ಬಾಗಿಲ ನೆತ್ತಿಯ ಸ್ಕ್ರೂ

ಕಟ್ಟಡದ ಕೆಳಗಿನ ದೊಡ್ಡ ಬಾಗಿಲು ಧಡಾರ್ ಎಂದಿತು. ಮರುಕ್ಷಣವೇ ಮೊದಲ ಮಹಡಿಯಲ್ಲಿ ಮಗು ಚೀರಿತು. ಅದರ ಹಿಂದೆಯೇ ಮಗುವಿನ ತಾಯಿ ಕೆದರಿದ ಕೂದಲಲ್ಲಿ ಮೆಟ್ಟಿಲಿಳಿದು ಬಂದಳು. ತರಕಾರಿ ಚೀಲ ಹಿಡಿದು ಸಿಕ್ಕಿಬಿದ್ದವರು ನೆಲಮಹಡಿಯ ಗುಮಾಸ್ತರು. ಎಲ್ಲದಕ್ಕೂ ‘ಸಾರಿ’ ಅನ್ನುತ್ತಿದ್ದುದರಿಂದ ಕಟ್ಟಡದ ಮಕ್ಕಳ ಬಾಯಲ್ಲಿ ಅವರು ಸಾರಿ ಅಂಕಲ್.

“ಈಗಷ್ಟೇ ಮಲಗಿಸಿದ್ದೆ ಸಾರ್! ನೀವೂ ಮಕ್ಕಳನ್ನ ಸಾಕಿದವರಲ್ವಾ?”

“ಸಾರಿ ಅಮ್ಮಾ, ಬಾಗಿಲು ತಾನಾಗೇ ಬಡ್ಕೊಳ್ಳುತ್ತೆ…”

“ನೀವು ಬಂದಾಗ ಮಾತ್ರ ಬಡ್ಕೊಳ್ಳುತ್ತಾ?” ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು, ಪತ್ರಿಕೆಯ ಮೇಲಿಂದ ಇಣುಕಿ.

ಗುಮಾಸ್ತರ ಮುಖ ಚೀಲದೊಳಗಿನ ಟೊಮೆಟೊ ಬಣ್ಣಕ್ಕೆ ತಿರುಗಿತು. ಆ ನಾಚಿಕೆಯಲ್ಲಿ ಬರಬಾರದ ಮಾತು ಬಂದುಬಿಟ್ಟಿತು: “ಹೇಗೂ ಇವತ್ತು ರಜ. ನಾನೇ ಸರಿಮಾಡ್ತೀನಿ. ಇದೆಲ್ಲ ನನಗೆ ಗೊತ್ತು.”

ಅವರಿಗೆ ಗೊತ್ತಿದ್ದದ್ದು, ಬಾಗಿಲ ನೆತ್ತಿಯ ಮೇಲೆ ಮೊಣಕೈ ಮಡಚಿ ಕೂತ, ಬಾಗಿಲನ್ನು ಮೆಲ್ಲಗೆ ಮುಚ್ಚಬೇಕಾದ ಡಬ್ಬಿಗೆ ಡೋರ್ ಕ್ಲೋಸರ್ ಎನ್ನುತ್ತಾರೆಂಬುದಷ್ಟೇ.

“ಮನೇಲಿ ನಲ್ಲಿ ತಿಂಗಳಿಂದ ಸೋರ್ತಿದೆ. ಊರಿನ ಬಾಗಿಲು ರಿಪೇರಿಗೆ ಹೊರಟ್ರು ನೋಡಿ,” ಎನ್ನುತ್ತಲೇ ಹೆಂಡತಿ ಸ್ಟೂಲು ಹಿಡಿದುಕೊಂಡಳು.

“ಸ್ಕ್ರೂ ವೇಗಕ್ಕೆ, ಆ ನಟ್ಟು ಬಿಗಿಗೆ. ಸ್ಕ್ರೂನ ಎಡಕ್ಕೆ ತಿರುಗ್ಸಿ,” ಮೇಷ್ಟ್ರು ಪಾಠ ಶುರುಮಾಡಿದರು.

ಎಡಕ್ಕೆ ತಿರುಗಿಸಿದರು. ಬಾಗಿಲು ಸಾಲ ವಸೂಲಿಗೆ ಬಂದವನಂತೆ ಅಪ್ಪಳಿಸಿತು. ಸ್ಟೂಲು ನಡುಗಿತು, ಗುಮಾಸ್ತರು ನಡುಗಿದರು. ಮೇಲೆ ಅಳುತ್ತಿದ್ದ ಮಗು ಗಪ್‌ಚಿಪ್ಪಾಯಿತು.

“ಪಾಪ, ಕೂಸನ್ನ ಹೆದರಿಸಿಬಿಟ್ರಲ್ರೀ!” ಎಂದರು ಮೇಷ್ಟ್ರು.

“ಎಡಕ್ಕೆ ಅಂದಿದ್ದು ನೀವೇ…”

“ನನ್ನ ಎಡ ಅಲ್ಲ, ನಿಮ್ಮ ಎಡ ಅಲ್ಲ, ಸ್ಕ್ರೂವಿನ ಎಡ ಕಣ್ರೀ!”

ಬಲಕ್ಕೆ ಸಾಕಷ್ಟು ತಿರುಗಿಸಿದರು. ಈಗ ಬಾಗಿಲಿಗೆ ಸೋಮಾರಿತನ ಹಿಡಿಯಿತು. ಬೀದಿಯ ಬೆಕ್ಕೊಂದು ಒಳಗೆ ಬಂದು, ಎಲ್ಲರನ್ನೂ ನೋಡಿ, ಯಾರೂ ಇಷ್ಟವಾಗದೆ ಹೊರಟುಹೋಯಿತು. ಬಾಗಿಲು ಇನ್ನೂ ಅರ್ಧ ದಾರಿಯಲ್ಲಿತ್ತು. ಬಿಗಿ ಸಾಲದೆಂದು ನಟ್ಟನ್ನು ಗಟ್ಟಿಯಾಗಿ ಸುತ್ತಿದರು. ಬಾಗಿಲು ಮುಚ್ಚಿ ಬಿಗಿದುಕೊಂಡಿತು. ಅಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದ ಮೂರನೇ ಮಹಡಿಯ ಅಜ್ಜಿ ಹೊರಗಿನಿಂದ ಬಾಗಿಲು ನೂಕಿದರು. ಅಲುಗಲಿಲ್ಲ. ಭುಜ ಕೊಟ್ಟರು. ಅಲುಗಲಿಲ್ಲ. ಬಾಗಿಲ ಗಾಜಿಗೆ ಮೂಗು ಒತ್ತಿ ಕೂಗಿದರು:

“ಏನಪ್ಪಾ, ನನ್ನ ಹೊರಗೆ ಹಾಕು ಅಂತ ನನ್ನ ಸೊಸೆ ಹೇಳಿದ್ಲಾ?”

“ಸಾರಿ ಅಜ್ಜಿ, ಸಾರಿ!”

ಕ್ಲೋಸರಿನಿಂದ ಒಂದು ಹನಿ ಎಣ್ಣೆ ಕಾಲರಿಗೆ ಬಿತ್ತು. ಎಲ್ಲರೂ ನೋಡಿದರು. ಗುಮಾಸ್ತರಿಗೆ ಸ್ಟೂಲಿನ ಸಮೇತ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು. ನಟ್ಟು ಸಡಿಲಿಸಿ, ಉಸಿರು ಬಿಗಿಹಿಡಿದು, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಬಿಟ್ಟರು. ಬಾಗಿಲು, ಸಭೆಗೆ ತಡವಾಗಿ ಬಂದವನಂತೆ ಮೆಲ್ಲಗೆ ಬಂದು, ‘ಟಿಕ್’ ಎಂದು ಕೂತಿತು.

ಅಜ್ಜಿ ಕಿರುಬೆರಳಲ್ಲಿ ನೂಕಿ ನೋಡಿ, “ಇನ್ನು ಇದನ್ನ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ,” ಎಂದರು. ಮೇಷ್ಟ್ರು ಕೂಡ ಚಪ್ಪಾಳೆ ತಟ್ಟಿದರು. ಗುಮಾಸ್ತರು ಅಪರೂಪಕ್ಕೆ ತಲೆಯೆತ್ತಿ ಮನೆಯೊಳಗೆ ಹೋಗಿ ಒರಗಿಕೊಂಡರು.

ಕಣ್ಣು ಹತ್ತುವಷ್ಟರಲ್ಲಿ ಮಗು ಅತ್ತಿತು. ಅಳು ನಿಲ್ಲಲಿಲ್ಲ, ಮೆಟ್ಟಿಲಿಳಿದು ಇವರ ಬಾಗಿಲಿಗೇ ಬಂತು. ತಾಯಿಯ ಹೆಗಲ ಮೇಲೆ ಮಗು ಕೆಂಪಗೆ ಕಿರುಚುತ್ತಿತ್ತು.

“ನಾನು ಏನೂ ಶಬ್ದ ಮಾಡಿಲ್ಲಮ್ಮಾ!”

“ಅದಕ್ಕೇ ಬಂದೆ ಸಾರ್.” ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಒಂದು ಧಡಾರ್‌ಗೆ ಎದ್ರೆ, ಇನ್ನೊಂದು ಧಡಾರ್‌ಗೆ ಮಲಗೋನು. ಹುಟ್ಟಿದಾಗಿಂದ ಕೇಳಿದ್ದು ಅದನ್ನೇ ಅಲ್ವಾ? ನಂಗೆ ಗೊತ್ತಾಗಿದ್ದೇ ಈಗ. ನಮ್ಮನೆ ಬಾಗಿಲು ಬಡಿದು ನೋಡಿದೆ, ಹತ್ತಿರ ಆಯ್ತು, ಇನ್ನೂ ಜೋರಾಗಿ ಅಳ್ತಾನೆ. ಕೆಳಗಿಂದಾನೇ ಬರ್ಬೇಕು.”

“ಹಾಗಾದ್ರೆ ಆ ಸ್ಕ್ರೂ…” ಎಂದವರಿಗೆ ಅಜ್ಜಿಯ ಮಾತು ನೆನಪಾಯಿತು.

“ನಿಮ್ಮ ಮನೆ ಬಾಗಿಲೇ ಸಾಕು ಸಾರ್. ಯಾರಿಗೂ ಹೇಳ್ಬೇಡಿ, ಬೆಳಿಗ್ಗೆ ಅಷ್ಟು ಕೂಗಾಡಿದೀನಿ, ನಾಚಿಕೆಯಾಗುತ್ತೆ.”

ಅವಳು ಮೇಲೆ ಹೋದಳು. ಗುಮಾಸ್ತರು ಸ್ವಂತ ಬಾಗಿಲನ್ನು ಹಿಂದಕ್ಕೆಳೆದು, ಕಣ್ಣು ಮುಚ್ಚಿ, ಬಡಿದರು. ಧಡಾರ್! ಮಗು ಸುಮ್ಮನಾಯಿತು. ಎದುರುಮನೆಯ ಬಾಗಿಲು ತೆರೆಯಿತು.

“ಇಷ್ಟು ದಿನ ಪಾಪದ ಬಾಗಿಲನ್ನ ಬೈಕೊಂಡ್ವಲ್ರೀ,” ಎಂದರು ಮೇಷ್ಟ್ರು, ಇಡೀ ಕಟ್ಟಡಕ್ಕೆ ಕೇಳುವಂತೆ. “ದೋಷ ಇರೋದು ನಿಮ್ಮ ಕೈಯಲ್ಲೇ!”

ಗುಮಾಸ್ತರು ಬಾಯಿ ತೆರೆದರು. ಮೇಲಿನ ಮೆಟ್ಟಿಲಲ್ಲಿ ಮಗುವಿನ ತಾಯಿ ಕೈಮುಗಿದು ನಿಂತಿದ್ದಳು.

“ಸಾರಿ,” ಎಂದರು.