ಕಾರ್ಬುರೇಟರಿನಲ್ಲಿ ಸ್ವಲ್ಪ ಕಸ

ಬೇರೆಯವರಿಗೆ ಬುದ್ಧಿ ಹೇಳಿಯೇ ಹೊಟ್ಟೆ ಹೊರೆಯುವ ಕಸುಬುಗಳು ಲೋಕದಲ್ಲಿ ಹಲವಿವೆ. ಅವುಗಳಲ್ಲಿ ನನ್ನದೂ ಒಂದು. ನಾನು ಸೇಫ್ಟಿ ಆಫೀಸರ್. ಕತಾರಿನ ಅಲ್ ಖೋರ್‌ನ ಕಾಂಪೌಂಡೊಂದರಲ್ಲಿ ಕಂಪನಿ ಕೊಟ್ಟ ಮನೆ. ಅಲ್ಲಿಂದ ಕತ್ತಲು ಹರಿಯುವ ಮುಂಚೆಯೇ ಬಸ್ಸು ಹತ್ತಿ, ತೂಕಡಿಸುತ್ತ ಪ್ಲಾಂಟಿಗೆ ಹೋಗಿ, ಅಲ್ಲಿ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಮಾತಾಡುತ್ತೇನೆ. ಇದಕ್ಕೆ ಟೂಲ್‌ಬಾಕ್ಸ್ ಟಾಕ್ ಎಂದು ಹೆಸರು. ಯಾವ ಯಂತ್ರವನ್ನು ಹೇಗೆ ಹಿಡಿಯಬೇಕು, ಯಾವ ಹಿಡಿಕೆಯನ್ನು ಎಂದೂ ಬಿಡಬಾರದು, ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವುದರಲ್ಲಿ ನಾಚಿಕೆ ಯಾಕಿಲ್ಲ, ಇವೆಲ್ಲ ಅದರಲ್ಲಿ ಬರುತ್ತವೆ. ಕೇಳುವವರು ನಿಂತಲ್ಲೇ ಒಂದು ಸಣ್ಣ ನಿದ್ದೆ ಮುಗಿಸಿ, ಕೊನೆಗೆ ಅರಬ್ಬಿಯಲ್ಲಿ "ಯಲ್ಲಾ", ಅಂದರೆ ನಡೀರಿ, ಎಂದು ಹೊರಡುತ್ತಾರೆ. ಹದಿನಾಲ್ಕು ವರ್ಷಗಳಿಂದ ನಾನು ಟಾಕ್ ಮಾಡಿದ್ದೇನೆಯೇ ಹೊರತು ಒಂದು ದಿನವೂ ಟೂಲ್‌ಬಾಕ್ಸ್ ತೆರೆದವನಲ್ಲ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂಬ ಗಾದೆಯಿದೆಯಲ್ಲ, ನನ್ನ ವಿಷಯದಲ್ಲಿ ಬದನೇಕಾಯಿ ತಿನ್ನುವುದಕ್ಕೂ ಬರುವುದಿಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದೇನು ಎಂದು ನೀವು ಕೇಳಬಹುದು. ನಾಚಿಕೆ ಇದೆ, ಯಾಕೆಂದರೆ ನಾನು ಒಬ್ಬ ಮೆಕ್ಯಾನಿಕ್‌ನ ಮಗ. ಮೈಸೂರಿನಲ್ಲಿ ಹಿಟ್ಟಿನ ಗಿರಣಿಯೊಂದರ ಪಕ್ಕದಲ್ಲಿ ನಮ್ಮಪ್ಪನ ಸ್ಕೂಟರ್ ರಿಪೇರಿ ಷೆಡ್ಡಿತ್ತು. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲೇ ಒಂದು ಹಳೇ ಸೀಟಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದೆ. ಕೈ ಚಾಚಿದರೆ ಸ್ಪ್ಯಾನರು, ಆದರೆ ಚಾಚುವ ಹಾಗಿರಲಿಲ್ಲ. "ಮುಟ್ಬೇಡ, ಕೈ ಕಪ್ಪಾಗುತ್ತೆ. ನೀನು ಓದ್ಕೋ" ಎನ್ನುತ್ತಿದ್ದರು ಅಪ್ಪ. ನಾನು ಓದಿಕೊಂಡೆ. ಕೈ ಬಿಳಿಯಾಗಿಯೇ ಉಳಿಯಿತು.

ಆ ಷೆಡ್ಡಿಗೆ ವಾರಕ್ಕೊಬ್ಬರಾದರೂ ಬರುತ್ತಿದ್ದ ಒಂದು ಜಾತಿಯ ಗಿರಾಕಿಗಳಿದ್ದರು. ಬೆವರಿಳಿಸುತ್ತ ಎರಡು ಮೈಲಿ ಸ್ಕೂಟರ್ ತಳ್ಳಿಕೊಂಡು ಬಂದು, "ಏನ್ ಮಾಡಿದ್ರೂ ಸ್ಟಾರ್ಟ್ ಆಗ್ತಿಲ್ಲ ಕಣಯ್ಯ" ಎನ್ನುವವರು. ಕಿಕ್ ಹೊಡೆದು ಹೊಡೆದು ಚಪ್ಪಲಿ ಕಿತ್ತುಹೋಗಿರುತ್ತಿತ್ತು. ಪೆಟ್ರೋಲ್ ನಲ್ಲಿಯನ್ನೇ ಅವರು ತಿರುಗಿಸಿರುತ್ತಿರಲಿಲ್ಲ! ಅಪ್ಪನಿಗೆ ಅದು ದೂರದಿಂದಲೇ ಗೊತ್ತಾಗುತ್ತಿತ್ತು. ಆದರೂ ಬಗ್ಗಿ ಕೂತು ಏನೋ ಬಿಚ್ಚಿ, ಬಾಯಲ್ಲಿ ಉಫ್ ಎಂದು ಊದಿ, ಮತ್ತೆ ಹಾಕಿ, ನಡುವೆ ಗಿರಾಕಿ ಆಚೆ ನೋಡಿದಾಗ ನಲ್ಲಿ ತಿರುಗಿಸಿಬಿಡುತ್ತಿದ್ದರು. ಒಂದೇ ಕಿಕ್‌ಗೆ ಗಾಡಿ ಶುರು. "ಏನಾಗಿತ್ತಯ್ಯ?" ಎಂದು ಕೇಳಿದರೆ, "ಏನಿಲ್ಲ ಸಾರ್, ಕಾರ್ಬುರೇಟರಲ್ಲಿ ಸ್ವಲ್ಪ ಕಸ ಇತ್ತು" ಎಂಬ ಒಂದೇ ಉತ್ತರ. ಗಿರಾಕಿ ಘನತೆಯಿಂದ ಹೊರಟು ಗಿರಣಿ ಮೂಲೆ ತಿರುಗುವವರೆಗೂ ಅಪ್ಪ ಗಂಭೀರವಾಗಿರುತ್ತಿದ್ದರು. ಆಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನನ್ನ ಬಾಲ್ಯದ ಅತ್ಯಂತ ಸುಖದ ನಗು ಅದು.

ಇರಲಿ, ವಿಷಯಕ್ಕೆ ಬರುತ್ತೇನೆ. ಕತಾರಿನಲ್ಲಿ ನೌಕರಿ ಮುಗಿಸಿ ದೇಶ ಬಿಡುವವರು ಮಾರಲಾಗದ್ದನ್ನೂ ಒಯ್ಯಲಾಗದ್ದನ್ನೂ ಕಸದ ಡಬ್ಬಿಯ ಪಕ್ಕ ಅಚ್ಚುಕಟ್ಟಾಗಿ ಇಟ್ಟು ಹೋಗುತ್ತಾರೆ. ಬಲದಿಯಾದ, ಅಂದರೆ ಇಲ್ಲಿನ ಮುನಿಸಿಪಾಲಿಟಿಯ, ಕಸದ ಲಾರಿ ಬರುವ ಮುಂಚೆ ಬೇಕಾದವರು ಎತ್ತಿಕೊಳ್ಳಬಹುದು. ನಮ್ಮ ಕಾಂಪೌಂಡಿನಲ್ಲಿ ಇದನ್ನು ಎಲ್ಲರೂ ಮಾಡುತ್ತಾರೆ, ಮಾಡಿದ್ದನ್ನು ಯಾರೂ ಕಂಡಿಲ್ಲ. ನಮ್ಮ ಮನೆಯ ಪುಸ್ತಕದ ಕಪಾಟು, ಇಸ್ತ್ರಿ ಮೇಜು, ಊಟದ ಆರು ಕುರ್ಚಿಗಳಲ್ಲಿ ನಾಲ್ಕು ಹೀಗೇ ಬಂದವು. ಸೆಪ್ಟೆಂಬರಿನ ಒಂದು ಶುಕ್ರವಾರ ಕಸ ಹಾಕಲು ಹೋದಾಗ ಅಲ್ಲಿ ಹುಲ್ಲು ಕತ್ತರಿಸುವ ಯಂತ್ರವೊಂದು ನಿಂತಿತ್ತು. ನಾಲ್ಕು ಚಕ್ರ, ಹಿಂದೆ ನಿಂತು ತಳ್ಳಲು ಉದ್ದನೆಯ ಹಿಡಿ, ಮೈತುಂಬ ಮರಳು. ನಡುವೆ ಒಂದೇ ಸಿಲಿಂಡರಿನ ಪುಟ್ಟ ಇಂಜಿನ್ನು. ಅದರಿಂದ ಹೊರಟ ಕಪ್ಪು ಪ್ಲಗ್ ವೈರು. ನೋಡಿದ ಕೂಡಲೇ ನನಗೆ ಅಪ್ಪನ ಷೆಡ್ಡಿನ ವಾಸನೆ ಬಂತು. ಮನೆಗೆ ಓಡಿ, ಹಳೆಯ ಬೆಡ್‌ಶೀಟ್ ತಂದು ಹೊದಿಸಿ, ಕಾಯಿಲೆಯವರನ್ನು ಆಸ್ಪತ್ರೆಗೆ ಸಾಗಿಸುವ ಹಾಗೆ ತಳ್ಳಿಕೊಂಡು ಬಂದೆ.

ನನ್ನ ಹೆಂಡತಿ ಶೈಲಾ ಬಾಗಿಲಲ್ಲೇ ತಡೆದಳು. "ರೀ, ನಮ್ಮನೆ ಮುಂದೆ ಇರೋದೇ ಎರಡು ಜಮಖಾನದಷ್ಟು ಹುಲ್ಲು. ಅದನ್ನೂ ಕಂಪನಿಯೋರೇ ಬಂದು ಕತ್ತರಿಸಿ ಹೋಗ್ತಾರೆ. ಈ ಭೂತ ಯಾಕ್ರೀ?"

"ರಿಪೇರಿ ಮಾಡ್ತೀನಿ" ಎಂದೆ.

ಅವಳು ನಕ್ಕಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಗಲಿಲ್ಲ, ನನ್ನ ಹಣೆ ಮುಟ್ಟಿ ನೋಡಿದಳು. ಮಿಕ್ಸಿಯ ಪ್ಲಗ್ ಬದಲಾಯಿಸಲು ಹೋಗಿ ಇಡೀ ಮನೆಯ ಕರೆಂಟು ತೆಗೆದವನು ನಾನು ಎಂಬುದು ಅವಳಿಗೆ ನೆನಪಿತ್ತು. ಮಗಳು ಮೆಟ್ಟಿಲ ಮೇಲಿಂದಲೇ, "ಅಪ್ಪಾ, ಅದು ಡೆಡ್ ಆಗಿದೆ. ಲೆಟ್ ಇಟ್ ಗೋ" ಎಂದಳು. ಕೊನೆಗೆ ಶೈಲಾ ಒಂದು ತೀರ್ಪು ಕೊಟ್ಟಳು: "ಆಯುಧಪೂಜೆ ಹೊತ್ತಿಗೆ ಓಡಿದ್ರೆ ಪೂಜೆ ಸಾಲಲ್ಲಿ ಕೂರಿಸ್ತೀನಿ. ಇಲ್ದಿದ್ರೆ ಎಲ್ಲಿಂದ ಬಂತೋ ಅಲ್ಲಿಗೆ."

ಆ ಸಾಲಿನ ಬಗ್ಗೆ ಹೇಳಬೇಕು. ಪ್ರತಿ ವರ್ಷ ಕಾರು, ಮಗಳ ಸೈಕಲ್ಲು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲಕ್ಕೂ ನಮ್ಮಲ್ಲಿ ಕುಂಕುಮ ಬೀಳುತ್ತದೆ. ಅವುಗಳ ಮುಂದೆ ಒಂದು ಮಣೆಯ ಮೇಲೆ ಅಪ್ಪನ ಪ್ಲಗ್ ಸ್ಪ್ಯಾನರು. ಒಂದು ಗೇಣುದ್ದದ ಕಬ್ಬಿಣದ ಕೊಳವೆ, ತಿರುಗಿಸಲು ಅಡ್ಡಕ್ಕೊಂದು ಕಡ್ಡಿ. ಅವರು ತೀರಿಕೊಂಡ ಮೇಲೆ ಷೆಡ್ಡಿನಿಂದ ನಾನು ತಂದುಕೊಂಡದ್ದು ಅದೊಂದೇ. ವರ್ಷಕ್ಕೊಮ್ಮೆ ಪೂಜೆ, ಉಳಿದ ದಿನ ದೇವರ ಗೂಡಿನಲ್ಲಿ ವಾಸ. ಅದರಿಂದ ನಾನು ಒಂದು ಪ್ಲಗ್ಗನ್ನೂ ಬಿಚ್ಚಿರಲಿಲ್ಲ. ಪ್ರತಿ ಸಲ ಕೈಮುಗಿದಾಗಲೂ ಅದು ನನ್ನ ಕಡೆ ನೋಡಿ, "ಏನಪ್ಪಾ, ಇಷ್ಟೇನಾ?" ಎಂದಂತೆ ನನಗೆ ಅನಿಸುತ್ತಿತ್ತು. ಒಂದೇ ಒಂದು ಸಲ, ನನ್ನ ಕೈಯಾರೆ ಜೀವ ಬರಿಸಿದ ಇಂಜಿನ್ನೊಂದನ್ನು ಅದರ ಪಕ್ಕ ನಿಲ್ಲಿಸಬೇಕು ಎಂಬುದು ನನ್ನ ಆಸೆ. ಅಪ್ಪನ ಮಗ ಎನ್ನಿಸಿಕೊಳ್ಳಲು ಅಷ್ಟಾದರೂ ಬೇಡವೇ?

ಕಾರು ನಿಲ್ಲಿಸುವ ನೆರಳಿನಲ್ಲಿ ಕೆಲಸ ಶುರುವಾಯಿತು. ಹಗ್ಗ ಎಳೆದರೆ ಇಂಜಿನ್ ತಿರುಗಬೇಕು ಎಂಬುದು ಮಾತ್ರ ನನಗೆ ಗೊತ್ತಿತ್ತು. ಎಳೆದೆ, ಹಗ್ಗ ಬರಲಿಲ್ಲ. ಕಾಲು ಕೊಟ್ಟು ಎಳೆದೆ, ಹಗ್ಗ ಬಂತು, ಪೂರ್ತಿ ಕಿತ್ತುಕೊಂಡು ಬಂತು. ನಾನು ಹುಲ್ಲಿನ ಮೇಲೆ ಅಂಗಾತ ಬಿದ್ದೆ. ಬೇಲಿ ಗಿಡ ಕತ್ತರಿಸುತ್ತಿದ್ದ ಮಲ್ಲಪ್ಪನವರು ಕತ್ತರಿ ನಿಲ್ಲಿಸಿ ನೋಡಿ, ನನಗೆ ಮುಜುಗರವಾಗದಿರಲೆಂದು ಬೆನ್ನು ತಿರುಗಿಸಿದರು. ಮಲ್ಲಪ್ಪನವರು ಸಿಂದಗಿ ಕಡೆಯವರು, ಕಂಟ್ರಾಕ್ಟರನ ಕೈಕೆಳಗೆ ನಮ್ಮ ಕಾಂಪೌಂಡಿನ ಗಿಡ, ಹುಲ್ಲು ನೋಡಿಕೊಳ್ಳುವ ಹಿರಿಯರು. ನನಗೂ ಅವರಿಗೂ ದಿನವೂ "ಆರಾಮ್ರೀ ಸಾಹೇಬ್ರ", "ಆರಾಮ್, ಆರಾಮ್" ಎಂಬಷ್ಟು ಮಾತು.

ಇಂಜಿನ್ ಜಾಮ್ ಆಗಿದೆ ಎಂದು ನಾನು ತೀರ್ಮಾನಿಸಿದೆ. ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಡಬೇಕು ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೇಳಿದ. ಆ ವಿಡಿಯೋಗಳೆಲ್ಲ ಮೊದಲ ಎರಡು ನಿಮಿಷ ಸೇಫ್ಟಿಯ ಉಪದೇಶದಿಂದ ಶುರುವಾಗುತ್ತವೆ. ದಿನವೂ ನಾನೇ ಕೊರೆಯುವ ಮಾತನ್ನು ರಜೆಯ ದಿನವೂ ಯಾರು ಕೇಳುತ್ತಾರೆ? ಅಷ್ಟನ್ನು ಹಾರಿಸಿಯೇ ಮುಂದೆ ಹೋಗುತ್ತಿದ್ದೆ.

ದೇವರ ಗೂಡಿನಿಂದ ಸ್ಪ್ಯಾನರು ಇಳಿಯಿತು. ಪ್ಲಗ್ಗಿನ ಮೇಲೆ ಕೂರಿಸಿದರೆ ಕೂರಲೊಲ್ಲದು. ಅಳತೆ ಬೇರೆ ಇರಬೇಕು ಎಂದುಕೊಂಡೆ. ಕಣ್ಣಿಗೆ ಹಿಡಿದು ನೋಡಿದೆ, ಆಚೆ ಕಡೆಯ ಬೆಳಕೇ ಕಾಣಲಿಲ್ಲ. ಹದಿನಾಲ್ಕು ವರ್ಷಗಳ ಅರಿಶಿನ, ಕುಂಕುಮ, ಗಂಧ, ಅಕ್ಷತೆ ಕೊಳವೆಯೊಳಗೆ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ಒಣಗಿದ ಸೇವಂತಿಗೆಯ ಎಸಳೂ ಇತ್ತು. ಪೆಟ್ರೋಲಿನಲ್ಲಿ ನೆನೆಸಿ, ಕಡ್ಡಿಯಿಂದ ಕೆರೆದು, ನಮ್ಮ ಭಕ್ತಿಯನ್ನೆಲ್ಲ ಹೊರಗೆ ತೆಗೆದೆ. ಅಪ್ಪ ನೋಡಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು. ಕೆಲಸದ ಸಾಮಾನನ್ನು ಹೀಗೆ ಇಡುತ್ತಾರೇನೋ ಎನ್ನುತ್ತಿದ್ದರು. ಕೊಳವೆಯ ಹೊರಮೈಯಲ್ಲಿ ಬಣ್ಣ ಹೋದ ಮೇಲೆ ಅರದಿಂದ ಎಳೆದ ಮೂರು ಗೀಟು ಕಾಣಿಸಿತು. ಪಕ್ಕದ ಅಂಗಡಿಯವರು ಒಯ್ದರೆ ಗುರುತಿರಲಿ ಎಂದು ಅಪ್ಪ ತಮ್ಮ ಸಾಮಾನಿಗೆಲ್ಲ ಹಾಕುತ್ತಿದ್ದ ಗೀಟು. ಮತ್ತೆ ಕೂರಿಸಿದಾಗ ಅದು ಹೇಳಿ ಮಾಡಿಸಿದ ಹಾಗೆ ಕೂತು, ಪ್ಲಗ್ಗು ಸರಾಗವಾಗಿ ತಿರುಗಿ ಬಂತು. ನನಗೆ ತಡೆಯಲಾಗದಷ್ಟು ಸಂತೋಷವಾಯಿತು. ಅಪ್ಪ ಇದ್ದಿದ್ದರೆ ಫೋನ್ ಮಾಡುತ್ತಿದ್ದೆ.

ಅಲ್ಲಿಂದ ಮೂರು ವಾರ ನಾನು ಮನುಷ್ಯನಾಗಿರಲಿಲ್ಲ. ಹೊಸ ಹಗ್ಗ ಪೋಣಿಸಿದೆ. ಜೇನಿನಂತೆ ಅಂಟಾಗಿದ್ದ ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿದೆ. ಏರ್ ಫಿಲ್ಟರ್ ಕೊಡವಿದರೆ ಒಂದು ಸಣ್ಣ ಮರುಭೂಮಿಯೇ ಬಿತ್ತು. ಕಾರ್ಬುರೇಟರನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದೆ. ಎರಡನೆಯ ಸಲ ಒಂದು ಸ್ಕ್ರೂ ಮಿಕ್ಕಿತು, ಮೂರನೆಯ ಸಲ ಅದು ಒಳಗೆ ಹೋಗಿ ಬೇರೊಂದು ಮಿಕ್ಕಿತು. ಬ್ಲೇಡು ಮಸೆದು, ಮೈ ತೊಳೆದು ಹಸಿರು ಬಣ್ಣ ಬಳಿದೆ. ಹಿಡಿಯ ಉದ್ದಕ್ಕೂ ಅದಕ್ಕೆ ಸಮನಾಗಿ ಇನ್ನೊಂದು ತೆಳು ಕಂಬಿ ಇತ್ತು. ಟವೆಲ್ ಹಾಕಲು ಎಷ್ಟು ಅನುಕೂಲ ಮಾಡಿದ್ದಾರೆ ಎಂದು ಮೆಚ್ಚಿಕೊಂಡು, ಕೈ ಒರೆಸುವ ಬಟ್ಟೆಯನ್ನು ದಿನವೂ ಅದರ ಮೇಲೆ ನೇತುಹಾಕುತ್ತಿದ್ದೆ. ಇಷ್ಟಾದರೂ ಹಗ್ಗ ಮಾತ್ರ ಹಠಮಾರಿ ಎತ್ತಿನಂತೆ ಮುಂದೆ ಬರಲೊಲ್ಲದು. ಮಲ್ಲಪ್ಪನವರು ವಾರದಲ್ಲಿ ಮೂರು ದಿನ ಬೇಲಿಯ ಬಳಿ ನಿಂತು ನೋಡುತ್ತಿದ್ದರು, ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚುತ್ತಿದ್ದರು.

ಆಯುಧಪೂಜೆ ಈ ಸಲ ಶನಿವಾರ, ನನಗೆ ರಜೆ. ಒಂಬತ್ತಕ್ಕೆ ರಾಹುಕಾಲ. ಅದು ಮೈಸೂರಿನ ಒಂಬತ್ತೋ ಕತಾರಿನ ಒಂಬತ್ತೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಕಾರಿಗೆ ಹೂವು ಬಿದ್ದಾಗಿತ್ತು, ಮಣೆಯ ಮೇಲೆ ಸ್ಪ್ಯಾನರು ಹೊಳೆಯುತ್ತಿತ್ತು, ಅದರ ಪಕ್ಕ ಒಂದು ಜಾಗ ಖಾಲಿ ಇತ್ತು. ನಾನು ಎಳೆಯುತ್ತಲೇ ಇದ್ದೆ. ಅಂಗೈಯಲ್ಲಿ ಬೊಬ್ಬೆ ಬಂದಿತ್ತು. "ಸಾಕು ಬಿಡ್ರೀ" ಎಂದಳು ಶೈಲಾ, ಈ ಸಲ ಮೆತ್ತಗೆ. "ಪಾಪ, ಅದಕ್ಕೆ ಆಯಸ್ಸು ಮುಗಿದಿದೆ. ನಿಂಬೆಹಣ್ಣು ತರ್ತೀನಿ, ಕಾರಿನ ಪೂಜೆ ಮುಗಿಸೋಣ." ಅವಳು ಬೈದಿದ್ದರೇ ಚೆನ್ನಾಗಿತ್ತು. ಅವಳು ಒಳಗೆ ಹೋದದ್ದೇ ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಅಳು ಬರುವಂತಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಮಲ್ಲಪ್ಪನವರು ಕತ್ತರಿ ಕೆಳಗಿಟ್ಟು ಬಂದರು. ಕಂಬಿಯ ಮೇಲಿದ್ದ ಬಟ್ಟೆಯನ್ನು ತೆಗೆದು, ಮಡಿಸಿ, ನನ್ನ ಕೈಗಿತ್ತರು. ಆಮೇಲೆ ಆ ಕಂಬಿಯನ್ನು ಹಿಡಿಗೆ ಒತ್ತಿ ಹಿಡಿದು, "ಈಗ ಎಳೀರಿ ಸಾಹೇಬ್ರ" ಎಂದರು.

ಹಗ್ಗ ಬೆಣ್ಣೆಯಂತೆ ಬಂತು. ಎರಡನೆಯ ಎಳೆತಕ್ಕೆ ಇಂಜಿನ್ನು ಕೆಮ್ಮಿ, ನಾನು ಕುಡಿಸಿದ್ದ ಎಣ್ಣೆಯನ್ನೆಲ್ಲ ನೀಲಿ ಹೊಗೆಯಾಗಿ ಉಗುಳಿ, ಗುರ್ ಎಂದು ಶುರುವಾಯಿತು.

"ಈ ಕಂಬಿ ಹಿಡಕೊಂಡ ಎಳೀಬೇಕ್ರಿ" ಎಂದರು ಮಲ್ಲಪ್ಪನವರು, ಅದನ್ನು ನನ್ನ ಕೈಗೆ ಒಪ್ಪಿಸಿ, ಗದ್ದಲದ ನಡುವೆ ನನ್ನ ಕಿವಿಗೆ ಬಗ್ಗಿ. "ಬಿಟ್ರ ಬ್ರೇಕ್ ಹಿಡೀತೈತ್ರಿ. ಸೇಫ್ಟಿಗಂತ ಇಟ್ಟಾರ."

"ಮೊದಲೇ ಯಾಕೆ ಹೇಳ್ಲಿಲ್ಲ ಮಲ್ಲಪ್ಪನವರೇ?"

"ನಿಮಗ ಗೊತ್ತಿರ್ತೈತಿ ಅನ್ಕೊಂಡೆರಿ. ಸೇಫ್ಟಿ ಸಾಹೇಬ್ರು, ಏನರ ಟೆಸ್ಟಿಂಗ್ ನಡಸ್ಯಾರ ಅಂತ ತಿಳದೆ."

ನಿಂಬೆಹಣ್ಣು ಹಿಡಿದು ಓಡಿ ಬಂದ ಶೈಲಾ ಹೊಗೆಯ ನಡುವೆ ನಿಂತು ಕಣ್ಣರಳಿಸಿದಳು. ಮಗಳು ಮೇಲಿನ ಕಿಟಕಿಯಿಂದ ಚಪ್ಪಾಳೆ ಹೊಡೆದಳು. "ಆಯ್ತಾ! ಏನಾಗಿತ್ರೀ ಅದಕ್ಕೆ?" ಎಂದು ಶೈಲಾ ಕೇಳಿದಾಗ ನಾನು ಸತ್ಯ ಹೇಳುವವನೇ ಇದ್ದೆ, ಬಾಯಿಯನ್ನೂ ತೆರೆದಿದ್ದೆ. ಮಲ್ಲಪ್ಪನವರು ನಡುವೆ ಬಂದರು.

"ಏನಿಲ್ರಿ ಅಕ್ಕಾರ, ಕಾರ್ಬುರೇಟರ್‌ದಾಗ ಒಂಚೂರು ಕಸ ಇತ್ತು. ಸಾಹೇಬ್ರು ತಗದ್ರು."

ನಾನು ಬಾಯಿ ಮುಚ್ಚಿದೆ. ಹಿಡಿದಿದ್ದ ಕಂಬಿಯೂ ಕೈಬಿಟ್ಟು ಇಂಜಿನ್ನು ನಿಂತಿತು.

ಪೂಜೆ ಸಾಂಗವಾಗಿ ನಡೆಯಿತು. ಯಂತ್ರ ಸ್ಪ್ಯಾನರಿನ ಪಕ್ಕದಲ್ಲೇ ಕೂತಿತು, ಕುಂಕುಮ ಇಟ್ಟವರು ಮಲ್ಲಪ್ಪನವರು. ಅದು ನನ್ನ ಒತ್ತಾಯ. ಸ್ಪ್ಯಾನರಿಗೆ ಹೊರಮೈಗೆ ಒಂದೇ ಬೊಟ್ಟು ಸಾಕೆಂದೆ. ಪೂಜೆಯಾದ ಆಯುಧವನ್ನು ಅಂದು ಬಳಸುವ ಹಾಗಿಲ್ಲವಾದ್ದರಿಂದ ಹುಲ್ಲು ಹಾಗೇ ಉಳಿಯಿತು. ಮರುದಿನ ಸಂಜೆ ಕತ್ತರಿಸಿದೆ, ನಾಲ್ಕು ನಿಮಿಷಕ್ಕೆ ಮುಗಿಯಿತು.

ಆದರೆ ನನಗೆ ನೆನಪಿರುವುದು ಆ ನಾಲ್ಕು ನಿಮಿಷವಲ್ಲ. ಪೂಜೆಯ ದಿನ ಶೈಲಾ ಕೊಟ್ಟ ಕಡಲೆಪುರಿ ಪೊಟ್ಟಣ ಹಿಡಿದು ಮಲ್ಲಪ್ಪನವರು, "ಬರ್ತೀನ್ರಿ ಸಾಹೇಬ್ರ" ಎಂದು ಬಹಳ ಗಂಭೀರವಾಗಿ ಹೊರಟರು. ಬೇಲಿಯ ಉದ್ದಕ್ಕೂ ನಿಧಾನವಾಗಿ ನಡೆದು ನೀರಿನ ಟ್ಯಾಂಕಿನ ಮೂಲೆ ತಿರುಗಿದರು. ಅಲ್ಲಿ ಅವರ ಜೊತೆಯ ಕೆಲಸದವರು ಕಾಯುತ್ತಿದ್ದರು. ಆಮೇಲೆ ಟ್ಯಾಂಕಿನ ಹಿಂದಿನಿಂದ ನಗು ಎದ್ದಿತು, ಹೊಟ್ಟೆ ಹಿಡಿದುಕೊಂಡು ನಗುವ ನಗು. ಅದು ನನಗೆ ಚೆನ್ನಾಗಿ ಗೊತ್ತಿದ್ದ ನಗು, ಕೇಳುತ್ತ ನಿಂತವನಿಗೆ ನಗುವೂ ಬಂತು, ಅಪ್ಪನೂ ನೆನಪಾದರು. ಮೂಲೆ ತಿರುಗಿದ ಮೇಲೆ ಗಿರಾಕಿಗೆ ಏನೂ ಕೇಳಿಸುವುದಿಲ್ಲ ಎಂದು ನಾನೂ ಅಪ್ಪನೂ ಅಷ್ಟು ವರ್ಷ ನಂಬಿಕೊಂಡಿದ್ದೆವು. ಕೇಳಿಸುತ್ತದೆ. ಚೆನ್ನಾಗಿಯೇ ಕೇಳಿಸುತ್ತದೆ.