ಮುನಿಯಪ್ಪನ ಕುದುರೆಯ ಕಾಲು

ಬಚ್ಚಲ ನೀರು ಹೊರಗೆ ಹೋಗದೆ ಕಟ್ಟಿಕೊಂಡಿತು. ಜವರಪ್ಪನ ಗ್ರಹಚಾರ ಶುರುವಾದದ್ದು ಅಲ್ಲಿಂದ. ಹೆಂಡತಿ ಮಾದಮ್ಮ ಬೆಳಗಾಗುತ್ತಲೇ ಗೊಣಗಿದಳೆಂದು ಅವನು ಹಾರೆ ಹಿಡಿದು, ಅಪ್ಪನ ಕಾಲದಲ್ಲಿ ಹೂತಿದ್ದ ಸುಟ್ಟ ಮಣ್ಣಿನ ತೂಬನ್ನು ಕಿತ್ತು ತೊಳೆದ. ತೊಳೆಯುತ್ತಿದ್ದ ಕೈ ಹಾಗೇ ನಿಂತಿತು. ತೂಬಿನ ತುದಿಯಲ್ಲೊಂದು ಗೊರಸು ಇತ್ತು. ಗೊರಸಿನ ಮೇಲೆ ಗೆಜ್ಜೆಸರ.

"ಲೇ ಮಾದಿ, ಇದು ತೂಬಲ್ಲ ಕಣೆ. ಕುದ್ರೆ ಕಾಲು!"

"ಶಿವನೇ! ಇಷ್ಟು ದಿನ ಬಚ್ಚಲ ನೀರೆಲ್ಲ ಸಾಮಿ ಕುದ್ರೆ ಕಾಲಾಗೆ ಹರೀತಾ?" ಎಂದು ಮಾದಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು.

ಪಾಲಮಲೆಯ ಬುಡದ ಕೆಳಹಟ್ಟಿಯಲ್ಲಿ ಕಾವಲುದೇವರು ಮುನಿಯಪ್ಪನ ಮಣ್ಣಿನ ಕುದುರೆ ತಾತಂದಿರ ಕಾಲದ್ದು. ಮುರಿದು ಬಿದ್ದಿದ್ದ ಅದನ್ನು ಊರವರೇ ಸೇರಿ ಮತ್ತೆ ನಿಲ್ಲಿಸುತ್ತಿದ್ದರು. ಒಂದು ವಾರದಿಂದ ಮನೆಮನೆಗಳಿಂದ ತುಂಡುಗಳು ಬಂದಿದ್ದವು. ಒಂದು ಕಿವಿ ಉಪ್ಪಿನ ಮಡಕೆಯ ಮುಚ್ಚಳವಾಗಿತ್ತು. ದವಡೆಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಮುಂದಿನ ಎಡಗಾಲು ಮಾತ್ರ ಸಿಕ್ಕಿರಲಿಲ್ಲ. ಇಂದು ನಡುಹಗಲಿಗೆ ಕಣ್ಣು ತೆರೆಸುವ ಪೂಜೆ.

ಹಿಂದಿನ ಸಂಜೆ ಕೊಳತ್ತೂರಿನಿಂದ ಬಂದ ಮೈಕ್ ಸೆಟ್ಟು ಕೈಗೆ ಸಿಕ್ಕ ಖುಷಿಯಲ್ಲಿ, ಯಾರೂ ಕೇಳದಿದ್ದರೂ, ಜವರಪ್ಪನೇ ಕೂಗಿದ್ದ: "ಇನ್ಮ್ಯಾಕೆ ಯಾರ್ ಮನೇಲಾರ ಕುದ್ರೆ ತುಂಡು ಸಿಕ್ತೋ, ಅವ್ರಿಗೆ ಒಂದು ಟಗರು ದಂಡ!" ಅವನಿಗಿದ್ದದ್ದೇ ಒಂದು ಟಗರು. ಅವನ ಮಂದೆಯ ಮರಿಗಳಿಗೆಲ್ಲ ಅದೇ ಅಪ್ಪ.

"ಟಗರು ಓದ್ರೆ ನಾನು ನಮ್ಮವ್ವನ ಮನೆಗೋಯ್ತೀನಿ. ಕಂಬ್ಳೀಲಿ ಸುತ್ಕಂಡು ಓಗಿ ಕೆರೆ ಮೂಲೇಲಿ ಆಕು. ಆಮ್ಯಾಕೆ 'ಸಿಕ್ತು ಸಿಕ್ತು' ಅಂತ ಕೂಗು" ಎಂದಳು ಮಾದಮ್ಮ.

ಜವರಪ್ಪ ಕಾಲನ್ನು ಕಂಬಳಿಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಬೇಲಿ ಮರೆಯಲ್ಲೇ ಹೊರಟ. ನಾಲ್ಕು ಹೆಜ್ಜೆಗೆ ಎದುರುಮನೆಯ ದೊಡ್ಡಕ್ಕ ಸಿಕ್ಕಳು.

"ಏನ್ಲಾ ಜವರ, ಬಾಣಂತಿ ಕೂಸ್ ಇಡ್ಕಂಡಂಗೆ ಇಡ್ಕಂಡಿದೀಯಾ?"

"ಮ... ಮರಿ ಕಣಕ್ಕ. ಕಾಯ್ಲೆ."

ಕಾಯಿಲೆ ಎಂದರೆ ದೊಡ್ಡಕ್ಕನಿಗೆ ಬೆಲ್ಲ ಕಂಡ ಇರುವೆಯ ಹುರುಪು. ಕಂಬಳಿಯ ಮೇಲೆಯೇ ಒತ್ತಿ ನೋಡಿದಳು. "ಅಯ್ಯೋ ಪಾವಂ! ಸೆಟ್ಕಂಡೈತಲ್ಲೋ!"

"ಮಲಗೈತೆ."

"ಮಲಗಿದ್ ಮರಿ ಕಲ್ಲಾಯ್ತದೇನ್ಲಾ? ತಡಿ, ಅರಳೆಣ್ಣೆ ಉಯ್ತೀನಿ. ಬಾಯಿ ಬುಡ್ಸು."

"ಇದ್ಕೆ ಬಾಯಿಲ್ಲ ಕಣಕ್ಕ" ಎಂದುಬಿಟ್ಟು ಜವರಪ್ಪ ನಾಲಿಗೆ ಕಚ್ಚಿಕೊಂಡ.

"ಬಾಯೇ ಬಿದ್ದೋಯ್ತಾ!" ದೊಡ್ಡಕ್ಕ ಬೀದಿಯ ಕಡೆ ತಿರುಗಿ ಕೂಗಿದಳು. "ಯಪ್ಪೋ, ಜವರನ ಮರಿಗೆ ಬಾಯಿರೋಗ ಬಂದೈತೆ! ಊರ್ ಮಂದೆಗೆಲ್ಲ ಅಂಟ್ಕತದೆ!"

ಕುರಿ ಸಾಕುವ ಊರಲ್ಲಿ ಆ ಮಾತು ಹುಲ್ಲುಬಣವೆಗೆ ಬಿದ್ದ ಕಿಡಿ. ಜನ ಹಟ್ಟಿಗಳಿಂದ ಓಡಿಬಂದರು. ಮಣ್ಣು ಮಾಡು ಎಂದು ಕೆಲವರು, ಸುಟ್ಟುಬಿಡು ಎಂದು ಕೆಲವರು. "ಇದು ಒಂದ್ಸಾರಿ ಸುಟ್ಟಿದ್ದೇ" ಎಂಬ ಮಾತು ಜವರಪ್ಪನ ತುಟಿಯವರೆಗೆ ಬಂದು ನಿಂತಿತು. ಕೊನೆಗೆ ದೊಡ್ಡಕ್ಕನೇ ತೀರ್ಮಾನ ಕೊಟ್ಟಳು: "ಮುನಿಯಪ್ಪನ ಮುಂದಿಟ್ಟು ಬೂದಿ ಆಕ್ಸಿ."

ಗುಂಪು ಅವನನ್ನು ನಡುವೆ ಹಾಕಿಕೊಂಡು ದಬ್ಬುತ್ತಾ ನಡೆಯಿತು. ಪೂಜೆಗೆ ಜನ ಸೇರಿದ್ದರು. ಊರ ಹಿರಿಯ ತಿಮ್ಮರಾಯಪ್ಪ ಬೂದಿ ಹಿಡಿದು ಬಂದವನು, "ಮುಖ ತೋರ್ಸಲಾ" ಎನ್ನುತ್ತಾ ಕಂಬಳಿ ಎಳೆದ. ಗೊರಸು ಹೊರಬಂತು.

ಜವರಪ್ಪ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಟಗರು ಹಗ್ಗ ಬಿಚ್ಚಿಕೊಂಡು ಹೊರಟೇಹೋಯಿತು. ಆಗ ಕುಂಬಾರ ಪಳನಿಯಪ್ಪನ್‌ನ ದನಿ ಕೇಳಿಸಿತು.

"ಎನ್ನಯ್ಯಾ ಇದು? ನಾಕು ಕಾಲೂ ಇಟ್ಟಾಯ್ತಲ್ಲ. ಇದೆಲ್ಲಿಗೆ?"

ಜವರಪ್ಪ ಕಣ್ಣು ಬಿಟ್ಟ. ಕುದುರೆ ನಾಲ್ಕು ಕಾಲ ಮೇಲೆ ಗಟ್ಟಿಯಾಗಿ ನಿಂತಿತ್ತು. ಎಡಗಾಲು ಬೆಳಗ್ಗೆಯೇ ಕೆರೆಯ ಹೂಳಿನಲ್ಲಿ ಸಿಕ್ಕಿತ್ತಂತೆ. ಪಳನಿಯಪ್ಪನ್ ಅದನ್ನಾಗಲೇ ಕೂಡಿಸಿದ್ದ.

"ಅಂಗಾರೆ ಇದು ನಮ್ ಕುದ್ರೇದಲ್ಲ!" ಜವರಪ್ಪ ಕುಣಿದೇಬಿಟ್ಟ. "ದಂಡ ಇಲ್ಲ! ನಮ್ಮಪ್ಪ ಯಾವ್ದೋ ರಾತ್ರಿ ಎಲ್ಲಿಂದ್ಲೋ ಒತ್ಕಂಡು ಬಂದು ಬಚ್ಚಲಿಗೆ ಆಕಿದ್ದು ಕಣ್ರಪ್ಪೋ! ಅವತ್ತಿಂದ ನೀರು ಅರಿದೈತೆ, ಒಂದ್ ಬಿರುಕಿಲ್ಲ, ನೋಡ್ರಿ ಬೇಕಾದ್ರೆ!"

ಪೂಜೆಗೆಂದು ಬೆಟ್ಟದ ಮೇಲಿನ ಮೇಲಹಟ್ಟಿಯಿಂದ ನೆಂಟನಾಗಿ ಬಂದಿದ್ದ ಪೊನ್ನುಸ್ವಾಮಿ ಮಜ್ಜಿಗೆ ಚೊಂಬು ಕೆಳಗಿಟ್ಟ. ಮೆಲ್ಲಗೆ ಎದ್ದು ಬಂದು ಗೆಜ್ಜೆಸರದ ಮೇಲೆ ಬೆರಳಾಡಿಸಿದ.

"ನಮ್ ಸಾಮಿ ಕುದ್ರೇದು. ಉಳ್ದಿರೋ ಮೂರ್ ಕಾಲಲ್ಲೂ ಇದೇ ಗೆಜ್ಜೆ ಐತೆ. ನಾನು ಚಿಕ್ಕೋನಾಗಿದ್ದಾಗ ಕಾಲು ಮಾಯವಾಯ್ತು. ಮುನಿಯಪ್ಪನೇ ಕೋಪ ಮಾಡ್ಕಂಡು ಕಿತ್ಕಂಡ ಅಂತ ವರ್ಸಾ ವರ್ಸಾ ತಪ್ಪುಗಾಣಿಕೆ ಇಡ್ತಾ ಇದೀವಿ. ಬಚ್ಚಲಲ್ಲಿತ್ತಾ!"

ಜವರಪ್ಪ ತಿಮ್ಮರಾಯಪ್ಪನ ಮುಖ ನೋಡಿದ. "ಮಾವ, ದಂಡ ನಮ್ ಕುದ್ರೇಗ್ ತಾನೆ?"

"ನಮ್ದಾಗಿದ್ರೆ ಏನೋ ಮಾತಾಡ್ಕಂಡು ಮುಗಿಸ್ಬೋದಿತ್ತು ಕಣಪ್ಪ. ಈಗ ಊರ್ ಮಾನ. ಓಗು, ಟಗರು ಇಡ್ಕಂಡು ಬಾ."

ಪೊನ್ನುಸ್ವಾಮಿ ಅವನ ಬೆನ್ನು ತಟ್ಟಿದ. "ಕೋಪ ಇಲ್ಲ ತಮ್ಮಾ. ಆದ್ರೆ ನಮ್ಮಲ್ಲೊಂದು ಕಟ್ಟಳೆ. ಕಿತ್ತ ಮನೆ ಕೈಯೇ ಕೂಡಿಸ್ಬೇಕು."

ಇಳಿಹೊತ್ತಿಗೆ ಜವರಪ್ಪ ಹೆಗಲ ಮೇಲೆ ಕಾಲು, ಕೈಯಲ್ಲಿ ಟಗರು ಹಿಡಿದು ಮೇಲಹಟ್ಟಿ ಹತ್ತಿದ. ಕಾಲಿಲ್ಲದ ಕಡೆ ಆಸರೆಗಿಟ್ಟಿದ್ದ ಕಲ್ಲನ್ನು ಜೊತೆಗೆ ಬಂದಿದ್ದ ಪಳನಿಯಪ್ಪನ್ ತೆಗೆಸಿ, ಸುಣ್ಣದ ಗಾರೆ ಮೆತ್ತಿ ಅವನ ಕೈಯಲ್ಲೇ ಕಾಲು ಇಡಿಸಿದ. "ಗಾರೆ ಒಣಗೋ ತನ್ಕ ಅಸೆಯಬೇಡಪ್ಪಾ, ಅಲುಗಿದ್ರೆ ಕುದ್ರೆ ನಿನ್ ಮೇಲೆ" ಎಂದು ಹೇಳಿ ಊಟಕ್ಕೆ ಎದ್ದುಹೋದ. ಜವರಪ್ಪ ಕುದುರೆಯ ಹೊಟ್ಟೆಯಡಿ ಕುಕ್ಕರುಗಾಲಲ್ಲಿ ಕೂತು, ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದ. ಅತ್ತ ಒಲೆಯ ಮೇಲೆ ಅವನ ಟಗರು ಘಮಘಮಿಸುತ್ತಿತ್ತು.

ಕತ್ತಲಾಗುವಾಗ ಕಣ್ಣು ಮಂಜಾದ ಮುದುಕಿಯೊಬ್ಬಳು ಬಂದಳು. ತಡವರಿಸುತ್ತಾ ಕುದುರೆಯ ಕಾಲುಗಳಿಗೆ ಅರಿಶಿನದ ನೀರು ಹುಯ್ದಳು. ಹಾಗೇ ಜವರಪ್ಪನ ಮೊಣಕಾಲಿಗೂ ಹುಯ್ದು, ಕುಂಕುಮವಿಟ್ಟು, ಕೈಮುಗಿದಳು.

"ಅಪ್ಪಾ, ಇನ್ಮ್ಯಾಗಾದ್ರೂ ನಮ್ಮೂರಿಗೆ ಆ ಕೆಳಹಟ್ಟಿ ಕಳ್ರು ಬರ್ದಂಗೆ ನೀನೇ ಕಾಯ್ಬೇಕು."

ಗಾರೆ ಇನ್ನೂ ಹಸಿಯಾಗಿತ್ತು. ಜವರಪ್ಪ ಅಲುಗಾಡಲಿಲ್ಲ.